ಪದಚರ್ಚೆ: ಒಡ್ಡೋ ಬದುವೋ, ಗಾರೆಯೋ ಗಚ್ಚೋ? (1945–55ರ ಬಳ್ಳಾರಿ, ರಾಯಚೂರು ಕಾಗದಗಳು)

ಬಳಗದ ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಹತ್ತು ವರ್ಷಗಳಲ್ಲಿ ನಮ್ಮ ಕಡೆ ನಡೆದ ಹೊಲ ಸುಧಾರಣೆ ಮತ್ತು ಹಳ್ಳಿ ಕಟ್ಟಡಗಳ ಟಿಪ್ಪಣಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇವೆ. ಅರ್ಧ ಕಾಗದ ಬಳ್ಳಾರಿಯವು, 1953ರ ಅಕ್ಟೋಬರ್ 1ಕ್ಕೆ ಮೈಸೂರು ಸೇರುವ ಮುನ್ನ ಮದ್ರಾಸಿನ ಆಡಳಿತದಲ್ಲಿ ಬರೆದವು. ಇನ್ನರ್ಧ ಹೈದರಾಬಾದಿಗೆ ಸೇರಿದ್ದ ರಾಯಚೂರು ಜಿಲ್ಲೆಯವು. ಕೊಪ್ಪಳವೂ ಆಗ ಅದರೊಳಗೇ ಇತ್ತು.

ತೊಡಕು ಇಲ್ಲಿದೆ. ಮಣ್ಣು ಏರಿಸಿ ಹಾಕಿದ ತಡೆ ಯಾವುದೇ ಇರಲಿ, ಮೂಲದಲ್ಲಿ ಎಲ್ಲಕ್ಕೂ ‘ಬಂಡ್’ ಎಂಬ ಒಂದೇ ಪದ. ನಮ್ಮಲ್ಲಿ ಬದು, ಒಡ್ಡು, ಏರಿ, ಕಟ್ಟೆ, ಬೋದು ಎಲ್ಲ ಇವೆ. ಇಲಾಖೆಯ ಕೈಪಿಡಿಗಳು ಕಾಂಟೂರ್ ಬಂಡಿಗೆ ‘ಸಮಪಾತಳಿ ಬದು’ ಎನ್ನುತ್ತವೆ. ಅದನ್ನೇ ಇಟ್ಟುಕೊಂಡರೆ ಓದುವವರಿಗೆ ಸರಿಯಾದ ವಸ್ತು ಕಣ್ಣಮುಂದೆ ಬರುತ್ತದೆಯೇ? ಇನ್ನೊಂದು, ‘ಸುರ್ಕಿ ಮಾರ್ಟರ್’ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು) ಎಂದಿರುವ ಕಡೆ ಗಾರೆ ಎನ್ನಬೇಕೋ ಗಚ್ಚು ಎನ್ನಬೇಕೋ? ಕೊನೆಯದಾಗಿ, ಇಡೀ ಸಂಪುಟಕ್ಕೆ ‘ಭೂಸುಧಾರಣೆ ಕೆಲಸಗಳು’ ಎಂದು ಹೆಸರಿಡುವ ಯೋಚನೆಯಿದೆ. ಬಲ್ಲವರು ತಿಳಿಸಬೇಕು.

*

ನಮಸ್ಕಾರ. ಹೆಸರಿನ ಮಾತು ಮೊದಲು. ದಯವಿಟ್ಟು ‘ಭೂಸುಧಾರಣೆ’ ಎಂದು ಇಡಬೇಡಿ. 1961ರ ಕಾಯ್ದೆ ಬಂದು, ಅದರ ತಿದ್ದುಪಡಿ 1974ರಲ್ಲಿ ಜಾರಿಯಾದ ಮೇಲೆ ಈ ಪದ ಕೇಳಿದವರಿಗೆಲ್ಲ ನೆನಪಾಗುವುದು ಗೇಣಿದಾರ, ಡಿಕ್ಲರೇಷನ್, ಟ್ರಿಬ್ಯೂನಲ್. ನಿಮ್ಮ ಕಾಗದಗಳಲ್ಲಿರುವುದು ಮಣ್ಣು, ಕಲ್ಲು, ನೀರಿನ ಕೆಲಸ. ‘ಹೊಲ ಸುಧಾರಣೆ’ ಅಥವಾ ‘ಜಮೀನು ಅಭಿವೃದ್ಧಿ’ ಸಾಕು.

ಈಗ ಒಡ್ಡು–ಬದು. ನನ್ನ ಮಟ್ಟಿಗೆ ಇವೆರಡನ್ನೂ ಬೆರೆಸಕೂಡದು, ಇಲಾಖೆ ಬೆರೆಸಿದ್ದರೂ ಸರಿ. ಬಳ್ಳಾರಿ, ಸಿರುಗುಪ್ಪ, ಮಾನ್ವಿ, ಕುಷ್ಟಗಿ ಎಲ್ಲೇ ಹೋಗಿ ಕೇಳಿ, ಬದು ಅಂದರೆ ಒಬ್ಬರ ಹೊಲಕ್ಕೂ ಇನ್ನೊಬ್ಬರ ಹೊಲಕ್ಕೂ ನಡುವಿನ ಗಡಿಪಟ್ಟಿ. ಅದರ ಮೇಲೆ ಹುಲ್ಲಿರುತ್ತದೆ, ಬೇವು-ಜಾಲಿ ಇರುತ್ತವೆ, ಓಡಾಡಲು ದಾರಿ ಇರುತ್ತದೆ, ಜಗಳವೂ ಇರುತ್ತದೆ. ನೀರು ತಡೆದರೆ ತಡೆಯಿತು, ಅದು ಅದರ ಮೊದಲ ಕೆಲಸವಲ್ಲ. ಒಡ್ಡು ಹಾಗಲ್ಲ. ಇಳಿಜಾರಿಗೆ ಅಡ್ಡಲಾಗಿ, ಹರಿದು ಬರುವ ನೀರಿಗೆ ಎದುರಾಗಿ ಹಾಕಿದ್ದು ಒಡ್ಡು. ಎದೆಯೊಡ್ಡು, ಕೈಯೊಡ್ಡು ಅನ್ನುವಾಗಿನ ಒಡ್ಡು ಇದೇ. ಉಚ್ಚಾರದಲ್ಲಿ ‘ವಡ್ಡು’ ಎಂದು ಕೇಳಿಸುವುದರಿಂದ ಹಳೆಯ ಕಾಗದಗಳಲ್ಲಿ ಎರಡೂ ಬರಹ ಸಿಗುತ್ತವೆ. ಪದಸೂಚಿಯಲ್ಲಿ ಎರಡನ್ನೂ ಕೊಟ್ಟು ಒಂದೇ ಕಡೆಗೆ ತೋರಿಸಿ.

ವ್ಯತ್ಯಾಸ ಬರೀ ಹೆಸರಿನದಲ್ಲ. ಕಾಂಟೂರ್ ಬಂಡ್ ಸಮಮಟ್ಟದ ಗೆರೆ ಹಿಡಿದು ಹೋಗುತ್ತದೆ, ಸರ್ವೆ ಕಲ್ಲು ನೋಡಿ ಹೋಗುವುದಿಲ್ಲ. ಒಬ್ಬರ ಹೊಲದ ನಡುವೆ ಸೀಳಿಕೊಂಡು ಪಕ್ಕದವರ ಹೊಲಕ್ಕೆ ದಾಟುತ್ತದೆ. ಒಬ್ಬ ರೈತ ಒಪ್ಪಿದರೆ ಆಗುವ ಕೆಲಸವಲ್ಲ ಎಂಬುದಕ್ಕೇ ಕಾಯ್ದೆಗಳು ಬಂದವು, ಮುಂಬೈಯಲ್ಲಿ 1942ರಲ್ಲಿ, ಮದ್ರಾಸಿನಲ್ಲಿ 1949ರಲ್ಲಿ. ಮದ್ರಾಸಿನ ಕಾಯ್ದೆಯ ಹೆಸರಿನಲ್ಲೇ ಕಾಂಟೂರ್ ಬಂಡಿಂಗ್ ಇದೆ. ಇದನ್ನು ‘ಬದು’ ಎಂದು ಬರೆದರೆ ಓದುವವರು ಗಡಿ ಎಂದುಕೊಳ್ಳುತ್ತಾರೆ. ಆಮೇಲೆ ‘ಬದು ಹಾಕಿದ್ದಕ್ಕೆ ಹೊಲದವರು ತಕರಾರು ಮಾಡಿದರು’ ಎಂಬ ಸಾಲು ಬಂದಾಗ ಅರ್ಥವೇ ಆಗುವುದಿಲ್ಲ.

ತಕರಾರಿಗೆ ಕಾರಣವನ್ನು ಲೆಕ್ಕದಲ್ಲೇ ನೋಡಬಹುದು. ಆಗಿನವರು ಬಳಸುತ್ತಿದ್ದ ಸೂತ್ರ ಸರಳ: ಇಳಿಜಾರಿನ ಶೇಕಡಾವನ್ನು 3ರಿಂದ ಭಾಗಿಸಿ 2 ಕೂಡಿಸಿದರೆ, ಒಂದು ಒಡ್ಡಿಗೂ ಮುಂದಿನದಕ್ಕೂ ಇರಬೇಕಾದ ಎತ್ತರದ ಅಂತರ ಅಡಿಯಲ್ಲಿ ಸಿಗುತ್ತದೆ. ನೂರು ಅಡಿಗೆ ಒಂದೂವರೆ ಅಡಿ ಇಳಿಯುವ ಹೊಲಕ್ಕೆ ಇದು ಎರಡೂವರೆ ಅಡಿ. ಅಂದರೆ ನೆಲದ ಮೇಲೆ ಸುಮಾರು 167 ಅಡಿಗೊಂದು ಒಡ್ಡು, ಎಕರೆಗೆ ಸುಮಾರು 260 ಅಡಿ ಉದ್ದ. ತಲೆ ಒಂದೂವರೆ ಅಡಿ, ಎತ್ತರ 2 ಅಡಿ, ಎರಡೂ ಮೈ ಒಂದಕ್ಕೆ ಒಂದೂವರೆ ಇಳಿಜಾರು ಎಂದು ಹಿಡಿದರೆ ಬುಡ ಏಳೂವರೆ ಅಡಿ ಆಗುತ್ತದೆ, ಅಡ್ಡಕೊಯ್ತ 9 ಚದರಡಿ. ಮಣ್ಣು ಎಕರೆಗೆ ಸುಮಾರು 2,350 ಘನ ಅಡಿ, ಇಂದಿನ ಮಾತಿನಲ್ಲಿ ಇಪ್ಪತ್ತಮೂರೂವರೆ ಬ್ರಾಸ್ (ಬ್ರಾಸ್ ಅಂದರೆ ನೂರು ಘನ ಅಡಿ). ಬುಡಕ್ಕೇ ನಾಲ್ಕೂವರೆ ಸೆಂಟ್ಸ್ (ಸೆಂಟ್ ಅಂದರೆ ಎಕರೆಯ ನೂರನೇ ಒಂದು ಪಾಲು) ನೆಲ ಹೋಯಿತು. ಮಣ್ಣು ತೆಗೆದ ಗುಂಡಿಯನ್ನು ಒಂದು ಅಡಿ ಆಳಕ್ಕೆ ನಿಲ್ಲಿಸಿದರೆ ಅದು ಇನ್ನೈದೂವರೆ ಸೆಂಟ್ಸ್. ಆದರೆ ಗುಂಡಿ ಮೇಲುಗಡೆ ಇರುವುದರಿಂದ ಕೆಲವು ಮಳೆಗಾಲದಲ್ಲಿ ಹೂಳು ತುಂಬಿ ಮತ್ತೆ ಉಳುಮೆಗೆ ಬರುತ್ತದೆ. ಇದರ ಮೇಲೆ, ಒಡ್ಡು ಡೊಂಕಾಗಿ ಹೋದಲ್ಲಿ ಕೂರಿಗೆ ಸಾಲು ತುದಿಯಲ್ಲಿ ಮೊಂಡಾಗಿ ನಿಲ್ಲುತ್ತದೆ, ಎತ್ತು ತಿರುಗಿಸಲು ಜಾಗ ಸಾಲುವುದಿಲ್ಲ. ಹೊಲದವರ ಸಿಟ್ಟು ನ್ಯಾಯವಾದದ್ದೇ.

ಕಟ್ಟುವ ಕ್ರಮದ ಪದಗಳೂ ನಿಮಗೆ ಬೇಕಾಗುತ್ತವೆ. ಗೆರೆ ಹಾಕಿದ ಮೇಲೆ ಬುಡದ ಪಟ್ಟಿಯಲ್ಲಿ ಹುಲ್ಲು, ಬೇರು, ಜೋಳದ ಕೂಳೆ ತೆಗೆದು ನೆಲವನ್ನು ‘ಕೆತ್ತಬೇಕು’; ಹಾಗೆ ಮಾಡದೆ ಮಣ್ಣು ಸುರಿದರೆ ಹಳೆ ನೆಲ, ಹೊಸ ಮಣ್ಣಿನ ಸಂದಿಯಲ್ಲೇ ನೀರು ಜಿನುಗುತ್ತದೆ. ಮಣ್ಣನ್ನು ಅರ್ಧ ಅಡಿಗೊಂದು ‘ಪದರ’ ಹಾಕಿ, ಹೆಂಟೆ ಒಡೆದು, ಧಮ್ಮಸ್ಸು ಮಾಡಬೇಕು, ಅಂದರೆ ಬಡಿದು ಗಟ್ಟಿ ಮಾಡಬೇಕು. ಮಸಾರಿಯಲ್ಲಿ (ಕೆಂಪು ನೆಲ) ಕುಸಿತಕ್ಕೆಂದು ಎತ್ತರ ನೂರಕ್ಕೆ ಹತ್ತು-ಹದಿನೈದು ಪಾಲು ಹೆಚ್ಚು ಇಡುತ್ತಾರೆ, ಎರೆಯಲ್ಲಿ (ಕಪ್ಪು ನೆಲ) ಇಪ್ಪತ್ತು-ಇಪ್ಪತ್ತೈದು. ಹೆಚ್ಚಾದ ನೀರು ಹೊರಹೋಗುವ ಕಲ್ಲಿನ ಜಾಗಕ್ಕೆ ‘ಕೋಡಿ’ ಎನ್ನಿ, ಹೊಸ ಪದ ಹುಟ್ಟಿಸಬೇಡಿ. ಎರಡಡಿ ಒಡ್ಡಿಗೆ ಕೋಡಿಯ ಹೊಸ್ತಿಲು ನೆಲದಿಂದ ಒಂದು ಅಡಿ ಎತ್ತರದಲ್ಲಿರುತ್ತದೆ. ಅದಕ್ಕಿಂತ ಎತ್ತರಿಸಿದರೆ ನೀರು ಕೋಡಿ ಹಿಡಿಯುವ ಮುಂಚೆ ಒಡ್ಡಿನ ತಲೆ ಮೇಲೆ ಹತ್ತುತ್ತದೆ, ಒಡ್ಡು ‘ಹರಿಯುತ್ತದೆ’, ಅಂದರೆ ಕಿತ್ತುಹೋಗುತ್ತದೆ. ಗಮನಿಸಿ, ನಮ್ಮಲ್ಲಿ ಕೆರೆ ಒಡೆಯುತ್ತದೆ, ಒಡ್ಡು ಹರಿಯುತ್ತದೆ.

ಎರೆ–ಮಸಾರಿ ಭೇದವನ್ನು ಅನುವಾದದಲ್ಲಿ ಎಲ್ಲೂ ಬಿಡಬೇಡಿ, ಇಡೀ ಚರ್ಚೆ ನಿಂತಿರುವುದೇ ಅದರ ಮೇಲೆ. ಮಸಾರಿ ನೆಲ ನೀರು ಕುಡಿಯುತ್ತದೆ, ಒಡ್ಡಿನ ಹಿಂದೆ ನಿಂತದ್ದು ಬೇಗ ಇಂಗುತ್ತದೆ. ಆಳವಾದ ಎರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಒಡ್ಡೂ ಅದೇ ಮಣ್ಣಿನದಾದ್ದರಿಂದ ಅದೂ ಬಾಯಿ ಬಿಡುತ್ತದೆ. ಮೊದಲ ದೊಡ್ಡ ಮಳೆಗೆ ನೀರು ಆ ಬಿರುಕಿನೊಳಗೆ ಹೊಕ್ಕು, ಒಳಗೇ ಬಿಲ ಕೊರೆದು, ಕೆಳಗಡೆ ಮೈಯಲ್ಲಿ ಹೊರಬರುತ್ತದೆ. ಒಂದು ಒಡ್ಡು ಹರಿದರೆ ಅದರ ನೀರೆಲ್ಲ ಒಟ್ಟಾಗಿ ಕೆಳಗಿನದರ ಮೇಲೆ ಬೀಳುತ್ತದೆ, ಅದೂ ಹೋಗುತ್ತದೆ. ಒಡ್ಡು ಗಟ್ಟಿಯಾಗಿ ನಿಂತರೆ ಇನ್ನೊಂದು ಕಷ್ಟ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್ ಹೊತ್ತಿಗೆ, ಹಿಂಗಾರಿ ಜೋಳ ಬಿತ್ತುವುದೂ ಆಗಲೇ. ತೊಯ್ದು ಉಬ್ಬಿದ ಎರೆ ನೀರು ಇಂಗಿಸುವುದಿಲ್ಲ. ಒಡ್ಡಿನ ಹಿಂದಿನ ಪಟ್ಟಿ ದಿನಗಟ್ಟಲೆ ಜವಳು ಹಿಡಿದು, ಬಿತ್ತನೆಯ ಹದ ತಪ್ಪುತ್ತದೆ.

ಒಣಬೇಸಾಯದ ಸಂಶೋಧನೆಗೆ 1930ರ ದಶಕದಲ್ಲೇ ಆರಿಸಿದ ಐದು ಜಾಗಗಳಲ್ಲಿ ಬಳ್ಳಾರಿ ಹತ್ತಿರದ ಹಗರಿ, ರಾಯಚೂರು ಎರಡೂ ಇದ್ದವು (ಉಳಿದವು ವಿಜಯಪುರ, ಸೊಲ್ಲಾಪುರ, ರೋಹ್ತಕ್). 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಕೇಂದ್ರವೂ ಬಂತು. ಆಳ ಎರೆಗೆ ಸಮಮಟ್ಟದ ಒಡ್ಡು ಒಗ್ಗದು, ನೀರನ್ನು ಮೆಲ್ಲಗೆ ಪಕ್ಕಕ್ಕೆ ಸಾಗಿಸುವ ಸಣ್ಣ ಇಳಿಜಾರಿನ ಒಡ್ಡು ಬೇಕು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಆಮೇಲೆ. ಹಾಗಾಗಿ ನಿಮ್ಮ ಮೂಲದಲ್ಲಿ ‘ಗ್ರೇಡೆಡ್ ಬಂಡ್’ ಬಂದರೆ ‘ಓರೆ ಒಡ್ಡು’ ಎನ್ನಬಹುದು. ಕಾಂಟೂರಿನದು ‘ಸಮಮಟ್ಟದ ಒಡ್ಡು’. ಮಟ್ಟ ಎಂಬುದು ಗೌಂಡಿಗೂ ಗೊತ್ತು, ನೀರು ಹಾಯಿಸುವವನಿಗೂ ಗೊತ್ತು. ಪಾತಳಿ ಯಾರ ಬಾಯಲ್ಲೂ ಇಲ್ಲ.

ಉಳಿದವು ಸಲೀಸು. ಹೊಲದೊಳಗೆ ಚೌಕ ಚೌಕವಾಗಿ ಹಾಕುವ ಗಿಡ್ಡ ತಡೆಗೆ ಚೌಕುಮಡಿ, ಸಾಲಿನ ಏರಿಗೆ ಬೋದು, ಕೆರೆಯದಕ್ಕೆ ಏರಿ ಅಥವಾ ಕಟ್ಟೆ.

ಕೇಳದೇ ಇದ್ದ ಒಂದನ್ನು ಹೇಳಲೇಬೇಕು. ಜಮೀನಿನ ಅಳತೆಯಲ್ಲಿ ‘1-20’ ಎಂದಿದ್ದರೆ ಕಾಗದ ಎಲ್ಲಿಯದು ಎಂದು ಮೊದಲು ನೋಡಿ. ಬಳ್ಳಾರಿಯದಾದರೆ ಎಕರೆ-ಸೆಂಟ್ಸ್, ಅಂದರೆ ಒಂದು ಎಕರೆ ಎಂಟು ಗುಂಟೆ. ರಾಯಚೂರಿನದಾದರೆ ಎಕರೆ-ಗುಂಟೆ, ಅಂದರೆ ಸರಿಯಾಗಿ ಒಂದೂವರೆ ಎಕರೆ. ಒಂದೇ ಪಟ್ಟಿಯಲ್ಲಿ ಎರಡನ್ನೂ ಕೂಡಿಸಿದರೆ ಎಕರೆವಾರು ಖರ್ಚೆಲ್ಲ ಕೆಡುತ್ತದೆ. ಅದೇ ರೀತಿ ‘ತಗಾವಿ’, ಸರ್ಕಾರ ರೈತರಿಗೆ ಕೊಡುತ್ತಿದ್ದ ಸಾಲ. ಬಳ್ಳಾರಿಯ ಕಾಗದಗಳಲ್ಲಿ ಬಾವಿ, ಒಡ್ಡಿನಂಥ ಕಾಯಂ ಕೆಲಸಕ್ಕೆ ಕೊಟ್ಟ ಸಾಲ 1883ರ ಕಾಯ್ದೆಯದು. ಬೀಜ, ಎತ್ತು, ಮೇವಿಗೆ ಕೊಟ್ಟದ್ದು 1884ರದು. ಕನ್ನಡದಲ್ಲಿ ಎರಡಕ್ಕೂ ತಗಾವಿಯೇ, ಆದ್ದರಿಂದ ‘ಸುಧಾರಣೆ ತಗಾವಿ’, ‘ಬೇಸಾಯ ತಗಾವಿ’ ಎಂದು ಬಿಡಿಸಿ ಬರೆದರೆ ಒಳ್ಳೆಯದು.

*

ಎಲ್ಲರಿಗೂ ನಮಸ್ಕಾರ. ಒಡ್ಡಿನ ಬಗ್ಗೆ ಮೇಲಿನವರು ಹೇಳಿದ್ದು ಒಪ್ಪಿಗೆ. ಗಾರೆಯ ಬಗ್ಗೆ ನಾನು ಸೇರಿಸುತ್ತೇನೆ.

ಗಾರೆ ಅಂದರೆ ಸುಣ್ಣ ಅರೆದು ಮಾಡಿದ ಅಂಟುಗಾರೆ, ಕಲ್ಲು-ಇಟ್ಟಿಗೆಯ ನಡುವೆ ಹೋಗುವುದು. ಗಚ್ಚು ಅಂದರೆ ಮೇಲ್ಮೈಗೆ ಹಾಕಿ ಬಡಿದು ನಯ ಮಾಡಿದ್ದು, ಗಚ್ಚಿನ ನೆಲ, ಗಚ್ಚಿನ ಕಟ್ಟೆ ಅನ್ನುವ ಹಾಗೆ. ಗೋಡೆ ಮೈಗೆ ಹಚ್ಚುವುದಕ್ಕೆ ನಮ್ಮ ಗೌಂಡಿಗಳು ಗಿಲಾವು ಎನ್ನುತ್ತಾರೆ. ಆದ್ದರಿಂದ ಸುರ್ಕಿ ಮಾರ್ಟರ್ ‘ಸುರಕಿ ಗಾರೆ’. ಗಚ್ಚು ಎಂದರೆ ಖಂಡಿತ ತಪ್ಪಾಗುತ್ತದೆ.

ಸುರಕಿ ಇಟ್ಟಿಗೆ ಪುಡಿ, ಫಾರ್ಸಿಯ ಸುರ್ಖ್, ಕೆಂಪು. ಆದರೆ ಯಾವ ಇಟ್ಟಿಗೆಯದಾದರೂ ನಡೆಯುವುದಿಲ್ಲ. ಹದವಾಗಿ ಅಥವಾ ತುಸು ಕಡಿಮೆ ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ ಸುಣ್ಣದೊಂದಿಗೆ ಕೂಡಿ ನೀರಿನಲ್ಲೂ ಗಟ್ಟಿಯಾಗುತ್ತದೆ. ಕರಕಲಾದ ಇಟ್ಟಿಗೆಯ ಪುಡಿ ಬರೀ ಮರಳಿನ ಕೆಲಸ ಮಾಡುತ್ತದೆ, ಸುಣ್ಣದೊಂದಿಗೆ ಕೂಡುವುದಿಲ್ಲ. ನಿಮ್ಮ ಟಿಪ್ಪಣಿಗಳಲ್ಲಿ ‘ಕೆಂಪು ಬಣ್ಣದ್ದೇ ಇರಲಿ’ ಎಂದು ಮತ್ತೆ ಮತ್ತೆ ಬಂದರೆ ಕಾರಣ ಇದು. ಅಳತೆ ಸಾಮಾನ್ಯವಾಗಿ ಸುಣ್ಣ ಒಂದು, ಸುರಕಿ ಎರಡು. ಅಥವಾ ಸುಣ್ಣ, ಸುರಕಿ, ಮರಳು ಒಂದೊಂದು.

ಇದು ಬಡವರ ಬದಲಿ ವಸ್ತು ಎಂಬ ಅರ್ಥ ಬರದಂತೆ ಬರೆಯಿರಿ. ಯುದ್ಧದ ಮೇಲೆ ಸಿಮೆಂಟಿಗೆ ಬರಗಾಲವಿತ್ತು, ಅದು ನಿಜ. ಆದರೆ 1945ರ ಫೆಬ್ರವರಿ 28ರಂದು ಎರಡೂ ದಂಡೆಯಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯ ಕಲ್ಲುಕಟ್ಟಡವೇ ಸುಣ್ಣ-ಸುರಕಿ ಗಾರೆಯದು. 1953ರಿಂದ ನೀರು ಹೊತ್ತು ನಿಂತಿದೆ. 2024ರ ಆಗಸ್ಟಿನಲ್ಲಿ ಕೊಚ್ಚಿಹೋದದ್ದು 19ನೇ ಗೇಟು, ಅದು ಉಕ್ಕಿನದು. ಗಾರೆಯ ಕಟ್ಟಡ ಅಲುಗಲಿಲ್ಲ.

ಕ್ರಿಯಾಪದಗಳಲ್ಲಿ ಎಚ್ಚರ ಬೇಕು. ಸುಟ್ಟ ಸುಣ್ಣದಕಲ್ಲಿಗೆ ನೀರು ಹಾಕಿದಾಗ ಅದು ‘ಅರಳುತ್ತದೆ’, ‘ನೆನೆಯುತ್ತದೆ’ ಅಲ್ಲ. ಅರಳಿದ್ದನ್ನು ಜರಡಿ ಹಿಡಿಯದೆ ಗಾಣಕ್ಕೆ ಹಾಕಿದರೆ ಅರಳದ ಹರಳು ಉಳಿದು, ತಿಂಗಳುಗಳ ಮೇಲೆ ಗೋಡೆಯೊಳಗೆ ಅರಳಿ ಗಿಲಾವನ್ನು ಗುಳ್ಳೆ ಎಬ್ಬಿಸಿ ಉದುರಿಸುತ್ತದೆ. ಗಾರೆ ‘ಅರೆಯುವುದು’ ಗಾಣದಲ್ಲಿ, ದುಂಡನೆ ತೋಡಿದ ಕಾಲುವೆಯಲ್ಲಿ ಎತ್ತು ಕಟ್ಟಿ ಕಲ್ಲಿನ ಗಾಲಿ ಉರುಳಿಸಿ. ಅರೆದದ್ದನ್ನು ಒಣಗಲು ಬಿಡದೆ ಅದೇ ದಿನ, ಹೆಚ್ಚೆಂದರೆ ಮರುದಿನದೊಳಗೆ ಬಳಸಬೇಕು. ಸಿಮೆಂಟಿನಷ್ಟು ಬೇಗ ಹಿಡಿಯುವುದಿಲ್ಲವಾದ್ದರಿಂದ ಕಟ್ಟಿದ ಮೇಲೆ ವಾರ-ಹತ್ತು ದಿನ ನೀರುಣಿಸಬೇಕು. ನಮ್ಮ ಬೇಸಿಗೆಯಲ್ಲಿ ಎರಡು ದಿನ ಬಿಟ್ಟರೂ ಗಾರೆ ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಸವಳು (ಉಪ್ಪು-ಕ್ಷಾರದ) ಬಾವಿಯ ನೀರು ಹಾಕಿದರೆ ಬಿಳಿ ಉಪ್ಪು ಏಳುತ್ತದೆ.

ಅದೇ ಸವಳು ಮಾಳಿಗೆಯ ಮೇಲೆ ಬೇಕಾದ ವಸ್ತು. ಮೂಲದಲ್ಲಿ ‘ಮಡ್ ಟೆರೇಸ್’ ಎಂದಿದ್ದರೆ ‘ಮಣ್ಣಿನ ಮಾಳಿಗೆ’ ಎನ್ನಿ, ತಾರಸಿ ಎನ್ನಬೇಡಿ. ತೊಲೆ, ಅದರ ಮೇಲೆ ಜಂತಿ, ಮೇಲೆ ಕಡ್ಡಿ-ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಸವಳಿನ ಮಣ್ಣು ತೊಯ್ದಾಗ ಕಣ ಬಿಡಿಸಿಕೊಂಡು ಸಂದುಗಳನ್ನು ಮುಚ್ಚುತ್ತದೆ, ಉಪ್ಪಿರುವುದರಿಂದ ಹುಲ್ಲೂ ಹುಟ್ಟುವುದಿಲ್ಲ. ಕಾಗದಗಳಲ್ಲಿ ‘ಆಲ್ಕಲೈನ್ ಅರ್ಥ್’ ಎರಡು ಕಡೆ ಬರಬಹುದು, ಹೊಲದ ಪಟ್ಟಿಯಲ್ಲಿ ರೋಗವಾಗಿ, ಮನೆಯ ಪಟ್ಟಿಯಲ್ಲಿ ಸಾಮಗ್ರಿಯಾಗಿ. ಎರಡಕ್ಕೂ ಸವಳು ಎಂದೇ ಬರೆಯಿರಿ, ಆದರೆ ಪದಸೂಚಿಯಲ್ಲಿ ಬೇರೆ ಬೇರೆ ನಮೂದು ಕೊಡಿ.