ಮಂಡಿ ಬದಲಿ ಯಾರಿಗೆ ಬೇಕು? ಮೂಳೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಹಳೇ ಮಂಡಿ: ಡಾಕ್ಟ್ರೇ, ಎಕ್ಸ್‌ರೇ ರಿಪೋರ್ಟಲ್ಲಿ ಸವೆತ ಗ್ರೇಡ್ 4, ಅಂದ್ರೆ ಕೊನೇ ಹಂತ ಅಂತಿದೆ. ನಡೆಯೋಕೆ ಅಷ್ಟೇನೂ ತೊಂದರೆ ಇಲ್ಲ. ಆಪರೇಷನ್ ಮಾಡಿಸಲೇಬೇಕಾ?

ಡಾಕ್ಟರ್: ಈಗ ಬೇಡ. ಫಿಲಂ ನೋಡಿ ಯಾರೂ ಮಂಡಿ ಬದಲಿಸಲ್ಲ. ರಾತ್ರಿ ನಿದ್ದೆ ಕೆಡಿಸೋ ನೋವು, ಮೆಟ್ಟಿಲು ಹತ್ತಲಾಗದಿರೋದು, ಮಾತ್ರೆಗೂ ವ್ಯಾಯಾಮಕ್ಕೂ ಬಗ್ಗದಿರೋದು, ಕಾಲು ಬಿಲ್ಲಿನಂತೆ ಬಾಗ್ತಾ ಹೋಗೋದು. ಇವು ಬಂದಾಗ ಮಾತಾಡೋಣ.

ಬೆಳಗಿನ ನಡಿಗೆ: ತಮ್ಮನಿಗೆ 44. ಶ್ವಾಸಕೋಶದ ಕಾಯಿಲೆಗೆ ಆರು ತಿಂಗಳಿಂದ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ತಗೋತಿದ್ದಾನೆ. ಮೂರು ವಾರದ ಹಿಂದೆ ಇದ್ದಕ್ಕಿದ್ದಂತೆ ಮಂಡಿಯ ಒಳಬದಿ ನೋವು, ಮಲಗಿದ್ರೂ ಇಳಿಯಲ್ಲ. ಎಕ್ಸ್‌ರೇ ನಾರ್ಮಲ್. "ಸವೆತ ಶುರು, ಜಾಸ್ತಿ ನಡೀರಿ" ಅಂದಿದ್ದಾರೆ.

ಡಾಕ್ಟರ್: ನಡೆಸಬೇಡಿ. ಸವೆತ ಹೀಗೆ ತಾರೀಖು ನೆನಪಿರೋ ಹಾಗೆ ಶುರುವಾಗೋದು ಅಪರೂಪ. ನನಗಿರೋ ಅನುಮಾನ ಆಸ್ಟಿಯೋನೆಕ್ರೋಸಿಸ್. ಸ್ಟೀರಾಯ್ಡ್ ತಗೊಳ್ಳೋ ಕೆಲವರಲ್ಲಿ ತೊಡೆಮೂಳೆಯ ಕೆಳತುದಿಗೆ ರಕ್ತ ಪೂರೈಕೆ ತಪ್ಪಿ ಮೂಳೆಯ ಒಂದು ಭಾಗ ಸಾಯುತ್ತೆ. ಅತಿಯಾದ ಕುಡಿತ, ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯಲ್ಲೂ ಆಗುತ್ತೆ. ಮೊದಲ ವಾರಗಳಲ್ಲಿ ಎಕ್ಸ್‌ರೇ ಬಾಯಿ ಬಿಡಲ್ಲ, ಎಂಆರ್‌ಐ ಬೇಕು. ಈ ವಾರವೇ ಮಾಡಿಸಿ. ಅಲ್ಲಿವರೆಗೆ ಊರುಗೋಲು, ಆ ಕಾಲಿಗೆ ಭಾರ ಬೇಡ. ಪ್ರೆಡ್ನಿಸೋಲೋನ್ ತಾವಾಗೇ ನಿಲ್ಲಿಸಬಾರದು, ಕೊಟ್ಟ ಡಾಕ್ಟರನ್ನೇ ಕೇಳಿ. ಕೀಲಿನ ಮೇಲ್ಮೈ ಕುಸಿಯೋ ಮುಂಚೆ ಸಿಕ್ಕರೆ, ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸಿ ಕೀಲು ಉಳಿಸೋ ಅವಕಾಶ ಇದೆ. ಮೊಟ್ಟೆ ಚಿಪ್ಪಿನ ಹಾಗೆ ಒಳಕ್ಕೆ ತಗ್ಗಿದ ಮೇಲೆ ಬಹುತೇಕ ಬದಲಿಯೇ ಗತಿ, 44ಕ್ಕೆ ಹಾಕಿದ್ದು ಮುಂದೆ ಸವೆದು ಇನ್ನೊಮ್ಮೆ ಬದಲಿಸಬೇಕಾಗಬಹುದು. ಸೊಂಟದ ಕೀಲನ್ನೂ ನೋಡಿಸಿ, ಅಲ್ಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತೆ.

ಹಸಿರೆಲೆ: ಫಾರ್ವರ್ಡ್ ಬಂದಿದ್ದು: ಈ ಎಣ್ಣೆ 21 ದಿನ ಹಚ್ಚಿ, ಕಾರ್ಟಿಲೇಜ್ (ಕೀಲಲ್ಲಿ ಮೂಳೆ ತುದಿಯ ಮೆತ್ತೆ) ಮತ್ತೆ ಬೆಳೆಯುತ್ತೆ. ಜೊತೆಗೆ ಪುಡಿ, ಎರಡೇ ದಿನಕ್ಕೆ ನೋವು ಮಾಯ.

ಡಾಕ್ಟರ್: ಬೆಳೆಯಲ್ಲ. ಅದಕ್ಕೆ ರಕ್ತನಾಳವೇ ಇಲ್ಲ. ಎರಡು ದಿನಕ್ಕೆ ನೋವು ಮಾಯ ಮಾಡೋ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ಸ್ಟೀರಾಯ್ಡ್ ಏನು ಮಾಡುತ್ತೆ ಅಂತ ಈಗಷ್ಟೇ ಬರೆದೆ.

ಮೆಟ್ಟಿಲು ಬೇಡ: ನನಗೆ ಗ್ರೇಡ್ 3. ಆಪರೇಷನ್ ಬೇಕಾ?

ಡಾಕ್ಟರ್: ಮೊದಲ ಉತ್ತರ ಓದಿ. ಎಕ್ಸ್‌ರೇ ನಿಂತು ತೆಗೆಸಿದ್ದಾ? ಮಲಗಿಸಿ ತೆಗೆದರೆ ಸಂದು ಇದ್ದದ್ದಕ್ಕಿಂತ ಅಗಲ ಕಾಣುತ್ತೆ.

ಅಮ್ಮನ ಮಗಳು: ಅಮ್ಮನಿಗೆ ರುಮಟಾಯ್ಡ್ ಸಂಧಿವಾತ, ಮುಂದಿನ ತಿಂಗಳು ಮಂಡಿ ಬದಲಿ. ಅದಕ್ಕೆ ತಗೊಳ್ಳೋ ಮೆಥೋಟ್ರೆಕ್ಸೇಟ್ ಔಷಧಿ ನಿಲ್ಲಿಸಬೇಕಾ? ನೋವಿಗೆ ಅದೇ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಬಹುದಾ?

ಡಾಕ್ಟರ್: ಮೆಥೋಟ್ರೆಕ್ಸೇಟ್ ಸಾಮಾನ್ಯವಾಗಿ ನಿಲ್ಲಿಸಲ್ಲ. ಇಂಜೆಕ್ಷನ್ ಖಂಡಿತ ಬೇಡ, ಹಾಕಿಸಿದ್ರೆ ಆಪರೇಷನ್‌ಗೆ 3 ತಿಂಗಳಾದರೂ ಅಂತರ ಬೇಕು, ಇಲ್ಲಾಂದ್ರೆ ಸೋಂಕಿನ ಅಪಾಯ. ಕುತ್ತಿಗೆ ಎಕ್ಸ್‌ರೇ ಆಗಿದೆಯಾ? ರುಮಟಾಯ್ಡಲ್ಲಿ ಕುತ್ತಿಗೆಯ ಮೇಲಿನ ಮೂಳೆಗಳು ಸಡಿಲ ಆಗಿರಬಹುದು. ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ.

ಹಸಿರೆಲೆ: ಎಲ್ಲದಕ್ಕೂ ಕತ್ತರಿಯೇ ಉತ್ತರ ಇವರದ್ದು.

ಬೆಳಗಿನ ನಡಿಗೆ: ಕತ್ತರಿ ಬೇಡ ಅಂತಲೇ ಮೊದಲ ಉತ್ತರ ಇದೆ. ಓದೋಕೆ ಏನು ಕಷ್ಟ?

ಹಸಿರೆಲೆ: ನಿಮ್ಮನ್ನ ಯಾರೂ ಕೇಳಿಲ್ಲ.

ಎರಡೂ ಕಾಲು: ಎರಡೂ ಮಂಡಿ ಒಟ್ಟಿಗೆ ಮಾಡಿಸಬಹುದಾ ಸರ್?

ಹಳೇ ಮಂಡಿ: ಎಣ್ಣೆ ಹಚ್ಚಿದ್ರೆ ತಪ್ಪೇನು? ಬಿಸಿಗೆ ಹಾಯ್ ಅನಿಸುತ್ತಪ್ಪ.

ಡಾಕ್ಟರ್: ಹಾಯ್ ಅನಿಸಲಿ, ಕಾರ್ಟಿಲೇಜ್ ಬೆಳೆಯುತ್ತೆ ಅನ್ನಬೇಡಿ. ಬೆಳಗಿನ ನಡಿಗೆ ಅವರೇ, ಎಂಆರ್‌ಐ ರಿಪೋರ್ಟ್ ಬಂದ ಕೂಡಲೇ ಇಲ್ಲಿ ಹಾಕಿ. ಎಣ್ಣೆ ಜಗಳಕ್ಕೆ ನಾನಿಲ್ಲ.