ಹಳೇ ಸೈನ್ಸ್ ಫಿಕ್ಷನ್ ನೋಡಲು ಡಿಸ್ಕ್ ಪ್ಲೇಯರ್ ಬೇಕಾ? ಅನುಭವ ಇದ್ದವರು ಹೇಳಿ

ಕುಮಟಾದಿಂದ ಕೇಳಿದ್ದು: ಮನೆಗೆ 55 ಇಂಚಿನ 4ಕೆ ಟಿವಿ ಬಂದಿದೆ. ಅಪ್ಪನಿಗೂ ನನಗೂ ಹಳೇ ಸೈನ್ಸ್ ಫಿಕ್ಷನ್ ಸಿನಿಮಾ ಅಂದ್ರೆ ಜೀವ. ಡಿಸ್ಕ್ ಪ್ಲೇಯರ್ ತಗೊಳ್ಳಬೇಕಾ, ಸ್ಟ್ರೀಮಿಂಗ್ ಸಾಕಾ? ಮಳೆಗಾಲದಲ್ಲಿ ಇಲ್ಲಿ ನೆಟ್ ನಂಬುವ ಹಾಗಿಲ್ಲ. ಇನ್ನೊಂದು, ಪರದೆ ತುಂಬ ಸಣ್ಣ ಸಣ್ಣ ಚುಕ್ಕೆ ಕುಣಿಯುತ್ತದೆ. ಟಿವಿ ದೋಷವಾ?

ಶಿರಸಿಯಿಂದ: ದೋಷ ಅಲ್ಲ, ಅದು ಫಿಲ್ಮಿನ ಗ್ರೇನ್. ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಆ ಕಣಗಳಿಂದ. ಅದನ್ನು ಅಳಿಸಲು ಹೋದರೆ ಮುಖದ ಸುಕ್ಕು, ಬಟ್ಟೆಯ ನೇಯ್ಗೆ ಎಲ್ಲ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಪ್ಲೇಯರ್ ಮಾತು ಆಮೇಲೆ, ಮೊದಲು ಟಿವಿ ಸೆಟ್ಟಿಂಗ್ ನೋಡಿ. ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸಿ. ಮೋಷನ್ ಸ್ಮೂತಿಂಗ್ ಅಂತ ಒಂದಿರುತ್ತದೆ, ಕಂಪನಿಗೊಂದು ಹೆಸರು. ಅದನ್ನಂತೂ ಇಡಲೇಬೇಡಿ. ಈ ಸಿನಿಮಾಗಳಲ್ಲಿ ಬಹುಪಾಲು ತೆಗೆದಿರುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಇಲ್ಲದ ಫ್ರೇಮುಗಳನ್ನು ಟಿವಿಯೇ ಹುಟ್ಟಿಸಿ ನಡುವೆ ತುರುಕಿದರೆ ಅಂತರಿಕ್ಷ ನೌಕೆಯೂ ಸಂಜೆ ಧಾರಾವಾಹಿಯ ಸೆಟ್ ಥರ ಕಾಣುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನು ಹಾಕಿ ಸಾಕು, ಇವೆಲ್ಲ ಒಟ್ಟಿಗೇ ಆಫ್ ಆಗುತ್ತವೆ.

ಡಿಸ್ಕ್ ಎಲ್ಲ ಸಿನಿಮಾಗೂ ಬೇಡ. ಆದರೆ '2001: ಎ ಸ್ಪೇಸ್ ಒಡಿಸ್ಸಿ'ಗೆ ಬೇಕೇ ಬೇಕು. 1968ರ ಆ ಸಿನಿಮಾ ತೆಗೆದದ್ದು 65 ಎಂಎಂ ನೆಗೆಟಿವ್‌ನಲ್ಲಿ, ಅಂದರೆ ಮಾಮೂಲಿ 35 ಎಂಎಂಗಿಂತ ಎಷ್ಟೋ ದೊಡ್ಡ ಚೌಕಟ್ಟು. 2018ರ 4ಕೆ ಡಿಸ್ಕಿಗೆ ಮೂಲ ನೆಗೆಟಿವನ್ನೇ ಸ್ಕ್ಯಾನ್ ಮಾಡಿದ್ದಾರೆ. ಚಂದ್ರನ ಮೇಲಿನ ನೆಲೆಯೊಳಗೆ ನೌಕೆ ಕೆಳಗಿಳಿಯುವ ದೃಶ್ಯ ಬಂದಾಗ ಬದಿಯ ಕಿಟಕಿಗಳನ್ನು ನೋಡಿ. ಒಳಗೆ ಪುಟ್ಟ ಪುಟ್ಟ ಮನುಷ್ಯರು ಓಡಾಡುತ್ತಿರುತ್ತಾರೆ. ನಾನು ಪ್ರತಿ ಸಲ ಅಲ್ಲಿ ಪಾಸ್ ಒತ್ತುತ್ತೇನೆ, ಮನೆಯವರು ಬೈಯುತ್ತಾರೆ.

'ಮೆಟ್ರೊಪೊಲಿಸ್' ಕಥೆ ಬೇರೆ. 1927ರ ಆ ಚಿತ್ರದ ಕಳೆದುಹೋದ ಭಾಗ 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತು. ಸಿಕ್ಕಿದ್ದು 16 ಎಂಎಂ ಪ್ರತಿ, ಮೈತುಂಬ ಗೀರು. ಯಾವ ಫಾರ್ಮ್ಯಾಟ್ ತಂದರೂ ಆ ಗೀರು ಹೋಗುವುದಿಲ್ಲ.

ಹೊನ್ನಾವರದಿಂದ: ಸುಮ್ನೆ ದುಡ್ಡು ಸುರಿಯಬೇಡಿ ಮಾರಾಯ್ರೆ. 'ಸೊಲಾರಿಸ್' (1972), 'ಸ್ಟಾಕರ್' (1979) ಎರಡನ್ನೂ ರಷ್ಯಾದ ಸಿನಿಮಾ ಸ್ಟುಡಿಯೊ ಮಾಸ್‌ಫಿಲ್ಮ್‌ನವರೇ ಯೂಟ್ಯೂಬಿಗೆ ಹಾಕಿದ್ದಾರೆ, ಪುಕ್ಕಟೆ. ಮೊದಲು ಅದನ್ನು ನೋಡಿ. ಸ್ಪಷ್ಟತೆ ಜಾಸ್ತಿಯಾದರೆ ಗುಟ್ಟೂ ರಟ್ಟಾಗುತ್ತದೆ, ಅದೂ ಗೊತ್ತಿರಲಿ. 1953ರ 'ದಿ ವಾರ್ ಆಫ್ ದಿ ವರ್ಲ್ಡ್ಸ್'ನಲ್ಲಿ ಮಂಗಳದವರ ಯಂತ್ರಗಳನ್ನು ತೂಗುಹಾಕಿದ್ದ ತಂತಿ ಡಿವಿಡಿಯಲ್ಲಿ ಎದ್ದು ಕಾಣುತ್ತಿತ್ತು. ಹೊಸ ರಿಸ್ಟೋರೇಷನ್‌ನಲ್ಲಿ ಅಳಿಸಿದ್ದಾರೆ. ನನಗೇನೋ ತಂತಿ ಇದ್ದದ್ದೇ ಇಷ್ಟ.

ಅಂಕೋಲಾದಿಂದ: 4ಕೆ ಅಂತ ಬರೆದದ್ದೆಲ್ಲ ಚೆನ್ನಾಗಿರಲ್ಲ. 'ಟರ್ಮಿನೇಟರ್ 2' ಸಿನಿಮಾದ 2017ರ ಡಿಸ್ಕಿನಲ್ಲಿ ಗ್ರೇನ್ ಉಜ್ಜಿ ಉಜ್ಜಿ ಮುಖಗಳೆಲ್ಲ ನುಣ್ಣಗಾಗಿವೆ. ಕೊಳ್ಳುವ ಮುಂಚೆ ಆ ಡಿಸ್ಕಿನ ವಿಮರ್ಶೆ ಓದಿ.

ಕಾರವಾರದಿಂದ: ನೆಟ್ ನೆಚ್ಚಿಕೊಳ್ಳಲಾಗದ ಊರಲ್ಲಿ ಡಿಸ್ಕೇ ಸೈ ಅಂತ ನನ್ನ ಮತ. ಕತ್ತಲೆ ದೃಶ್ಯಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. 'ಏಲಿಯನ್' (1979) ಮುಕ್ಕಾಲು ಪಾಲು ಕತ್ತಲೆಯಲ್ಲೇ ನಡೆಯುತ್ತದೆ ಅಲ್ವಾ? ನೆಟ್ ಸೊರಗಿದರೆ ಆ ಕಪ್ಪೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ.

ಆದರೆ ನೋಡಿ ಕೊಳ್ಳಿ. ಮಾಮೂಲಿ ಬ್ಲೂ-ರೇಗೆ (4ಕೆಗಿಂತ ಹಿಂದಿನ ಎಚ್‌ಡಿ ಡಿಸ್ಕ್) ರೀಜನ್ ಇದೆ, ಒಂದು ರೀಜನ್ನಿಗೆ ಕಟ್ಟಿದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ: ಅಮೆರಿಕ ಎ, ಯುರೋಪ್ ಬಿ, ನಾವು ಸಿ. ಹೊರದೇಶದಲ್ಲಿರುವ ನೆಂಟರ ಹತ್ತಿರ ತರಿಸುವುದಾದರೆ 4ಕೆ ಡಿಸ್ಕನ್ನೇ ತರಿಸಿ, ಅದಕ್ಕೆ ರೀಜನ್ ಕಾಟ ಇಲ್ಲ. ಹಳೇ ಬ್ಲೂ-ರೇ ಪ್ಲೇಯರ್ 4ಕೆ ಡಿಸ್ಕ್ ಓದುವುದಿಲ್ಲ, ಪ್ಲೇಸ್ಟೇಷನ್ 4 ಕೂಡ ಓದುವುದಿಲ್ಲ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಓದುತ್ತದೆ. ಮನೆಯಲ್ಲಿ ಅದಿದ್ದರೆ ಬೇರೆ ಪ್ಲೇಯರ್ ಯಾಕೆ?

ನಮ್ಮ ಕಡೆಯ ದೊಡ್ಡ ಶತ್ರು ಆಷಾಢದ ಥಂಡಿ. ಕಾಗದದ ಕವರಿನಲ್ಲಿಟ್ಟ ಡಿಸ್ಕಿಗೆ ಬೂಷ್ಟು ಹಿಡಿಯುತ್ತದೆ. ಅದರದೇ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಎಲ್ಲವನ್ನೂ ಗಾಳಿಯಾಡದ ದೊಡ್ಡ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿರುತ್ತದೆ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ.

ಕುಮಟಾದಿಂದ: ಗ್ರೇನ್ ವಿಷಯ ಅಪ್ಪನಿಗೆ ಓದಿ ಹೇಳಿದೆ, ಟಿವಿ ವಾಪಸ್ ಕೊಡುವ ಮಾತು ನಿಂತಿದೆ. 'ಬ್ಲೇಡ್ ರನ್ನರ್' ಬೇಕು, ಅದರಲ್ಲಿ ಹಲವು ಆವೃತ್ತಿ ಇದೆಯಂತಲ್ಲ. ಯಾವುದು ತಗೊಳ್ಳಲಿ?

ಶಿರಸಿಯಿಂದ: ಸಿನಿಮಾ 1982ರದ್ದು, ನಿಮಗೆ ಬೇಕಾದದ್ದು 2007ರ ಫೈನಲ್ ಕಟ್. ನಿರ್ದೇಶಕ ರಿಡ್ಲಿ ಸ್ಕಾಟ್ ತಮ್ಮಿಷ್ಟದಂತೆ ಪೂರ್ತಿ ಮಾಡಿದ್ದು ಅದೊಂದೇ. ನಾಯಕನ ಹಿನ್ನೆಲೆ ಮಾತು ಅದರಲ್ಲಿಲ್ಲ, ಅಪ್ಪ ಮೊದಲ ಆವೃತ್ತಿ ನೋಡಿದ್ದರೆ ಮುಂಚೆಯೇ ಹೇಳಿಡಿ. ಎಚ್‌ಡಿಆರ್‌ನಲ್ಲಿ (ಹೊಳಪು-ಕಪ್ಪಿನ ಅಂತರ ಹೆಚ್ಚಿಸಿ ತೋರಿಸುವ ವಿಧಾನ) ಚಿತ್ರ ತೀರಾ ಮಂಕಾದರೆ ಟಿವಿಯ ಬ್ಯಾಕ್‌ಲೈಟ್ ಪೂರ್ತಿ ಏರಿಸಿ, ಹಾಲ್ ದೀಪ ಆರಿಸಿ ನೋಡಿ.