ಸಹಾಯ ಬೇಕು: ಲಾಗ್ ಫೈಲ್‌ಗೂ ಬಣ್ಣದ ಕೋಡ್ ನುಗ್ಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮಲ್ಪೆಯ ಒಂದು ಐಸ್ ಪ್ಲಾಂಟ್‌ಗೆ ಟೆಂಪರೇಚರ್ ನೋಡುವ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ರಾತ್ರಿ ಪಾಳಿಯವರಿಗೆ ದೂರದಿಂದಲೇ ಗೊತ್ತಾಗಬೇಕು ಅಲ್ವಾ, ಅದಕ್ಕೆ ಟರ್ಮಿನಲ್‌ನಲ್ಲಿ ಎರರ್ ಕೆಂಪು (ಕೋಡ್ 31), ವಾರ್ನಿಂಗ್ ಹಳದಿ (33). ಅದು ಚೆನ್ನಾಗಿ ಬರುತ್ತಿದೆ.

ತೊಂದರೆ ಅದೇ ಸಂದೇಶಗಳನ್ನು ಬರೆದಿಡುವ ಲಾಗ್ ಫೈಲ್‌ನದ್ದು. ಅದಕ್ಕೆ ಬಣ್ಣವೇ ಇಲ್ಲದ ಬೇರೆ ಫಾರ್ಮ್ಯಾಟರ್ (ಸಾಲಿಗೆ ರೂಪ ಕೊಡುವ ಭಾಗ) ಕೊಟ್ಟಿದ್ದೇನೆ. ಆದರೂ ಲೆವೆಲ್ ಹೆಸರಿನ (ಎರರ್, ವಾರ್ನಿಂಗ್ ಇತ್ಯಾದಿ) ಹಿಂದೆ ಮುಂದೆ ‘[31m’, ‘[0m’ ಅಂತ ಕಸ ಕೂತಿರುತ್ತದೆ. ಎರರ್‌ನಿಂದ ಶುರುವಾಗುವ ಸಾಲು ಬೇಕೆಂದು ಗ್ರೆಪ್ (ಸಾಲು ಹುಡುಕುವ ಕಮಾಂಡ್) ಮಾಡಿದರೆ ಒಂದೂ ಸಿಗುವುದಿಲ್ಲ.

ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುತ್ತಿದೆಯಾ ಎಂದು ಚೆಕ್ ಹಾಕಿದೆ, ಬದಲಾಗಲಿಲ್ಲ. ವಿಚಿತ್ರ ಅಂದರೆ, ಫೈಲ್ ಹ್ಯಾಂಡ್ಲರನ್ನು (ಸಂದೇಶವನ್ನು ಫೈಲಿಗೆ ಕಳಿಸುವ ಭಾಗ) ಸ್ಕ್ರೀನಿನದಕ್ಕಿಂತ ಮೊದಲು ಸೇರಿಸಿದರೆ ಫೈಲ್ ಸ್ವಚ್ಛ! ಆದರೆ ಸುಮ್ನೆ ಕ್ರಮ ನಂಬಿಕೊಂಡು ಪ್ಲಾಂಟ್‌ನಲ್ಲಿ ಬಿಟ್ಟು ಬರಲು ಧೈರ್ಯವಿಲ್ಲ.

ಸ್ಕ್ರೀನಿನ ಫಾರ್ಮ್ಯಾಟರ್ ಒಳಗೆ ರೆಕಾರ್ಡಿನ (ಒಂದು ಸಂದೇಶದ ಪೂರ್ತಿ ಮಾಹಿತಿ) ಲೆವೆಲ್‌ನೇಮ್‌ಗೇ ಬಣ್ಣ ಸೇರಿಸುತ್ತಿದ್ದೇನೆ. ಎರಡೂ ಹ್ಯಾಂಡ್ಲರ್‌ಗೆ ಒಂದೇ ರೆಕಾರ್ಡ್ ಹೋಗುತ್ತದೆಯಾ? ಹಾಗಿದ್ದರೆ ಅದರ ಕಾಪಿ ಮಾಡಿ ಬಣ್ಣ ಹಾಕುವುದು ಸರಿಯಾ, ಅಥವಾ ಬೇರೆ ದಾರಿ ಇದೆಯಾ?